ಚರ್ಮ ತಿಂಗಳಿಗೊಮ್ಮೆ ಹೊಸದಾಗುವುದಾದರೆ ಹಚ್ಚೆ ಯಾಕೆ ಅಳಿಸಿ ಹೋಗುವುದಿಲ್ಲ?

ಪ್ರಶ್ನೆ: ನಮ್ಮ ಚರ್ಮ ತಿಂಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಎಷ್ಟೋ ವರ್ಷದ ಹಿಂದೆ ಹಾಕಿಸಿಕೊಂಡ ಹಚ್ಚೆ ಇನ್ನೂ ಹಾಗೇ ಇರುವುದು ಹೇಗೆ? ಚಿಕ್ಕಂದಿನಲ್ಲಿ ಬಿದ್ದು ಆದ ಗಾಯದ ಕಲೆಯೂ ಹೋಗಿಲ್ಲ. ಮೇಲಿರುವುದೆಲ್ಲ ಸತ್ತ ಜೀವಕೋಶ ಎನ್ನುತ್ತಾರಲ್ಲ, ಅದನ್ನು ಆಗಾಗ ಸ್ಕ್ರಬ್ ಹಾಕಿ ಉಜ್ಜಿ ತೆಗೆಯುವುದು ಒಳ್ಳೆಯದಲ್ವಾ? ಚರ್ಮದ ಒಳಗೆ ಏನೇನಿದೆ ಎಂದು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ಚರ್ಮದ ಮೇಲಿನ ತೆಳು ಪದರದ ಬಗ್ಗೆ ಮಾತ್ರ ಹೇಳಬೇಕಾದ ಮಾತು. ಅದರ ಕೆಳಗೆ ಇನ್ನೊಂದು ದಪ್ಪ ಪದರ ಇದೆ. ಅದು ತಿಂಗಳಿಗೊಮ್ಮೆ ಬದಲಾಗುವುದಿಲ್ಲ, ವರ್ಷಕ್ಕೊಮ್ಮೆಯೂ ಬದಲಾಗುವುದಿಲ್ಲ. ಹಚ್ಚೆಯ ಬಣ್ಣ, ಗಾಯದ ಕಲೆ, ಮುಖದ ಸುಕ್ಕು, ಮೂರೂ ನೆಲೆ ನಿಂತಿರುವುದು ಅಲ್ಲಿ. ಇನ್ನು ಸ್ಕ್ರಬ್ ವಿಷಯಕ್ಕೆ ನನ್ನ ಉತ್ತರ ಬೇಡ ಎಂದೇ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಮೇಲಿನ ಪದರಕ್ಕೆ ಎಪಿಡರ್ಮಿಸ್ ಎನ್ನುತ್ತಾರೆ, ಅಂದರೆ ಹೊರಚರ್ಮ. ಮೈಯ ಬಹುಪಾಲು ಕಡೆ ಅದರ ದಪ್ಪ 0.1 ಮಿಲಿಮೀಟರ್ ಆಸುಪಾಸು. ಕಣ್ಣಿನ ರೆಪ್ಪೆಯಲ್ಲಿ ಅದರ ಅರ್ಧ. ಅಂಗೈ, ಅಂಗಾಲಿನಲ್ಲಿ ಒಂದೂವರೆ ಮಿಲಿಮೀಟರ್ ತನಕ ಹೋಗುತ್ತದೆ. ಅದರ ಕೆಳಗಿನದು ಡರ್ಮಿಸ್, ಒಳಚರ್ಮ. ಅದು ಬಹುತೇಕ ಕಡೆ 1ರಿಂದ 4 ಮಿಲಿಮೀಟರ್ ದಪ್ಪ. ಇನ್ನೂ ಕೆಳಗೆ ಕೊಬ್ಬಿನ ಪದರ. ದೊಡ್ಡವರ ಮೈಯಲ್ಲಿ ಇದೆಲ್ಲ ಸೇರಿ ಒಂದೂವರೆಯಿಂದ ಎರಡು ಚದರ ಮೀಟರ್ ಹರಡಿದೆ.

ಹೊರಚರ್ಮ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ನಿಮ್ಮ ಮೈಮೇಲೇ ನೋಡಬಹುದು. ಮೊಣಕೈ ತರಚಿದಾಗ ಸ್ವಲ್ಪ ಗಮನ ಕೊಡಿ. ಕೆಂಪಾಗಿ, ಬರೀ ನೀರು ಒಸರಿ, ರಕ್ತ ಬರದೇ ಹೋದರೆ ಗಾಯ ಹೊರಚರ್ಮದಲ್ಲೇ ನಿಂತಿದೆ. ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ. ಕೆಲವೊಮ್ಮೆ ಒಟ್ಟಿಗೆ ರಕ್ತ ಹರಿಯುವುದಿಲ್ಲ, ಸೂಜಿ ಮೊನೆಯಷ್ಟು ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಮೂಡುತ್ತವೆ. ಇದು ಬಹಳ ಸೊಗಸಾದ ಗುರುತು. ಎರಡು ಪದರಗಳ ನಡುವಿನ ಗಡಿ ಸಪಾಟಾಗಿಲ್ಲ, ಏರಿಳಿತವಾಗಿದೆ. ಒಳಚರ್ಮದ ಸಣ್ಣ ದಿಬ್ಬಗಳು ಹೊರಚರ್ಮದೊಳಕ್ಕೆ ಚಾಚಿಕೊಂಡಿವೆ. ಒಂದೊಂದು ದಿಬ್ಬದಲ್ಲೂ ಒಂದೊಂದು ಸೂಕ್ಷ್ಮ ರಕ್ತನಾಳದ ಸುರುಳಿ ಇದೆ. ತರಚಿದ್ದು ಆ ದಿಬ್ಬಗಳ ತುದಿಯನ್ನು ಮಾತ್ರ ಮುಟ್ಟಿದಾಗ ರಕ್ತ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಬೆರಳಚ್ಚಿನ ಗೆರೆಗಳೂ ಇದೇ ಗಡಿಯ ಏರಿಳಿತದಿಂದ ಬಂದವು. ಮಗು ಗರ್ಭದಲ್ಲಿರುವಾಗಲೇ ಅದು ರೂಪುಗೊಂಡು ಮುಗಿದಿರುತ್ತದೆ. ಅದಕ್ಕೇ ಬೆರಳ ತುದಿಯ ಮೇಲ್ಪದರ ಸುಟ್ಟರೂ, ಸವೆದರೂ ಅದೇ ಗೆರೆಗಳು ವಾಪಸ್ ಬರುತ್ತವೆ.

ಹೊರಚರ್ಮದ ಜೀವಕೋಶಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಂದೇ ಜಾತಿಯವು, ಕೆರಾಟಿನೋಸೈಟ್‌ಗಳು. ಕೆರಾಟಿನ್ ಎನ್ನುವ ಗಟ್ಟಿ ಪ್ರೋಟೀನ್ ತಯಾರಿಸುವುದು ಇವುಗಳ ಕೆಲಸ. ಇವು ಹುಟ್ಟುವುದು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ. ಅಲ್ಲಿ ಕಾಂಡಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಹುಟ್ಟಿದವುಗಳಲ್ಲಿ ಕೆಲವು ತಳದಲ್ಲೇ ಉಳಿಯುತ್ತವೆ, ಉಳಿದವು ಮೇಲಕ್ಕೆ ಹೊರಡುತ್ತವೆ. ಮೇಲಿನ ಸಾಲು ತಲುಪಲು ಸುಮಾರು ಎರಡು ವಾರ ಬೇಕು. ಆಮೇಲೆ ಮೇಲೆ ಸತ್ತ ಪದರವಾಗಿ ಇನ್ನೆರಡು ವಾರ ಇದ್ದು ಉದುರುತ್ತವೆ. ನೀವು ಓದಿದ ಆ ಒಂದು ತಿಂಗಳ ಲೆಕ್ಕ ಬಂದಿದ್ದು ಇಲ್ಲಿಂದ. ವಯಸ್ಸಾದಂತೆ ಇದಕ್ಕೆ ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ.

ಈ ಪ್ರಯಾಣದಲ್ಲಿ ಕೋಶಕ್ಕೆ ಏನೇನಾಗುತ್ತದೆ ಎನ್ನುವುದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ನಿಮ್ಮ ಸ್ಕ್ರಬ್ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ತಳ ಬಿಟ್ಟ ಕೋಶ ಮೊದಲು ಅಕ್ಕಪಕ್ಕದವುಗಳ ಜೊತೆ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಈ ಕಟ್ಟುಗಳಿಗೆ ಡೆಸ್ಮೋಸೋಮ್ ಎಂದು ಹೆಸರು. ಒಂದೊಂದು ಕೋಶದ ಸುತ್ತ ಇಂಥವು ಲೆಕ್ಕವಿಲ್ಲದಷ್ಟು. ಚರ್ಮವನ್ನು ಹಿಂಡಿದರೂ ಎಳೆದರೂ ಕೋಶಗಳು ಬಿಟ್ಟುಕೊಳ್ಳದೇ ಇರುವುದು ಇವುಗಳಿಂದ. ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ಕಟ್ಟುಗಳ ಮೇಲೆ ದಾಳಿ ಮಾಡುತ್ತದೆ. ಆಗ ಮುಟ್ಟಿದರೆ ಒಡೆದುಹೋಗುವ ಮೆತ್ತನೆಯ ಗುಳ್ಳೆಗಳು ಮೈತುಂಬ ಏಳುತ್ತವೆ. ಹೊಸ ಚಪ್ಪಲಿ ಕಚ್ಚಿ ಏಳುವ ಬೊಬ್ಬೆಯೂ ಇದೇ ಮಟ್ಟದಲ್ಲಿ ಚರ್ಮ ಬಿಟ್ಟುಕೊಂಡು ಆಗಿದ್ದು. ಅದರ ಕೆಳಗೆ ತಳದ ಸಾಲು ಹಾಗೇ ಇರುತ್ತದೆ. ಅದಕ್ಕೇ ಅದು ಕಲೆ ಉಳಿಸದೆ ಮಾಯುತ್ತದೆ. ಬೊಬ್ಬೆಯ ಮೇಲಿನ ಸಿಪ್ಪೆ ಕೀಳಬೇಡಿ ಎಂದು ನಾವು ವೈದ್ಯರು ಹೇಳುವುದು ಸುಮ್ನೆ ಅಲ್ಲ. ಒಳಗೆ ಹೊಸ ಚರ್ಮ ಸಿದ್ಧವಾಗುವ ತನಕ ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ.

ಇನ್ನೂ ಮೇಲೆ ಬಂದಾಗ ಕೋಶ ಚಪ್ಪಟೆಯಾಗುತ್ತದೆ. ಒಳಗೆ ಎರಡು ಬಗೆಯ ಸಾಮಾನು ತಯಾರಾಗಿರುತ್ತದೆ. ಒಂದು ಜಿಡ್ಡು: ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲ. ಇದನ್ನು ಕೋಶ ತನ್ನ ಹೊರಗೆ, ಕೋಶಗಳ ನಡುವಿನ ಸಂದಿಗೆ ಸುರಿಯುತ್ತದೆ. ಇನ್ನೊಂದು ಫಿಲಾಗ್ರಿನ್ ಎಂಬ ಪ್ರೋಟೀನ್. ಅದು ಮೊದಲು ಕೆರಾಟಿನ್ ಎಳೆಗಳನ್ನು ಒತ್ತಾಗಿ ಕಟ್ಟುತ್ತದೆ, ಆಮೇಲೆ ತಾನೇ ಒಡೆದು ನೀರು ಹಿಡಿದಿಡುವ ವಸ್ತುವಾಗುತ್ತದೆ. ಇಷ್ಟೆಲ್ಲ ಮಾಡಿಯಾದ ಮೇಲೆ ಕೋಶ ತನ್ನ ನ್ಯೂಕ್ಲಿಯಸ್ಸನ್ನೇ ಕರಗಿಸಿಕೊಳ್ಳುತ್ತದೆ. ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಸಾಯುತ್ತದೆ. ಇದು ಆಕಸ್ಮಿಕ ಸಾವಲ್ಲ. ತಳದಲ್ಲಿ ಹುಟ್ಟಿದಾಗಿನಿಂದ ಕೋಶ ತಯಾರಿ ನಡೆಸಿದ್ದೇ ಇದಕ್ಕಾಗಿ.

ಹೀಗೆ ಸತ್ತ ಕೋಶಗಳು ಬಹುಪಾಲು ಕಡೆ ಹದಿನೈದರಿಂದ ಇಪ್ಪತ್ತು ಸಾಲು ಇರುತ್ತವೆ. ಇಟ್ಟಿಗೆಯ ಗೋಡೆ ನೆನಪು ಮಾಡಿಕೊಳ್ಳಿ: ಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಒಟ್ಟು ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ಆದರೆ ಮೈಯ ನೀರು ಆವಿಯಾಗಿ ಹೋಗದಂತೆ ತಡೆಯುವುದು, ಹೊರಗಿನ ರೋಗಾಣು, ರಾಸಾಯನಿಕ ಒಳಗೆ ಬರದಂತೆ ತಡೆಯುವುದು ಹೆಚ್ಚಾಗಿ ಇದೇ. ದೊಡ್ಡ ಸುಟ್ಟ ಗಾಯ ಆದವರಿಗೆ ಮೊದಲ ದಿನಗಳಲ್ಲಿ ನೀರಿನಂಶ ಕಳೆದುಹೋಗುವುದು, ಆಮೇಲೆ ಸೋಂಕು ತಗಲುವುದು ಇಷ್ಟು ಅಪಾಯಕಾರಿ ಆಗಲು ಈ ತಡೆ ಇಲ್ಲವಾಗುವುದೂ ಒಂದು ಕಾರಣ. ಈ ಸತ್ತ ಪದರದ ಬಗ್ಗೆ ನನಗೆ ತುಂಬ ಗೌರವ. ಸತ್ತದ್ದು ಎಂದ ಮಾತ್ರಕ್ಕೆ ಕಸ ಎಂದು ತಿಳಿಯುವುದು ನೋಡಿದರೆ ಬೇಸರವಾಗುತ್ತದೆ. ಕೆಳಗಿನ ಜೀವಂತ ಸಾಲುಗಳೆಲ್ಲ ದುಡಿಯುವುದೇ ಇದನ್ನು ಕಟ್ಟಲು.

ಉದುರುವ ಕೆಲಸಕ್ಕೂ ನಿಮ್ಮ ನೆರವು ಬೇಕಾಗಿಲ್ಲ. ಸಮಯ ಬಂದಾಗ ಚರ್ಮದಲ್ಲೇ ಇರುವ ಕಿಣ್ವಗಳು ಮೇಲಿನ ಸಾಲಿನ ಕಟ್ಟುಗಳನ್ನು ಕತ್ತರಿಸುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಕೋಶಗಳು ಉದುರುತ್ತವೆ. ಈ ಕಿಣ್ವಗಳು ಹದವಾಗಿ ಕೆಲಸ ಮಾಡಬೇಕಾದರೆ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಇರಬೇಕು. ಹುಳಿಯ ಅಳತೆಗೆ ಪಿಎಚ್ ಎನ್ನುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಚರ್ಮದ ಪಿಎಚ್ ಸಾಮಾನ್ಯವಾಗಿ 5ರ ಆಸುಪಾಸು. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಅದರಲ್ಲಿ ಪದೇ ಪದೇ ತೊಳೆದು, ಮೇಲಿಂದ ಒರಟು ಹರಳಿನ ಸ್ಕ್ರಬ್ ಹಾಕಿ ತಿಕ್ಕಿದರೆ ಇಟ್ಟಿಗೆಯೂ ಹೋಗುತ್ತದೆ, ಗಾರೆಯೂ ಹೋಗುತ್ತದೆ. ಮೊದಲೆರಡು ದಿನ ಮುಖ ನುಣ್ಣಗೆ ಅನ್ನಿಸುತ್ತದೆ, ನಿಜ. ಆಮೇಲೆ ಉರಿ, ಬಿಗಿತ, ತುರಿಕೆ. ಹುಟ್ಟಿನಿಂದಲೇ ಫಿಲಾಗ್ರಿನ್ ಕಡಿಮೆ ಇರುವವರಿಗಂತೂ ಇದು ಇನ್ನೂ ಕೆಟ್ಟದ್ದು. ಆ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದರೆ ಚರ್ಮ ವಿಪರೀತ ಒಣಗುತ್ತದೆ, ಇಸುಬು ಬರುವ ಸಂಭವವೂ ಜಾಸ್ತಿ ಎಂದು 2006ರಲ್ಲಿ ಗೊತ್ತಾಯಿತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ ಅದನ್ನು ಕಂಡುಹಿಡಿಯಿತು. ಆತನಕ ಇಸುಬು ಎಂದರೆ ಒಳಗಿನ ಅಲರ್ಜಿಯಿಂದಲೇ ಬರುವುದು ಎಂದು ಬಹಳ ಮಂದಿ ನಂಬಿದ್ದರು. ಗೋಡೆಯೇ ಸೋರುತ್ತಿದ್ದರೆ ಅಲರ್ಜಿ ಹೊರಗಿನಿಂದಲೂ ಶುರುವಾಗಬಹುದು ಎಂಬುದು ಆಮೇಲೆ ಸ್ಪಷ್ಟವಾಯಿತು. ಈಗ ಇಸುಬಿನ ಚಿಕಿತ್ಸೆಯಲ್ಲಿ ಮಾಯಿಶ್ಚರೈಸರ್‌ಗೆ ಔಷಧಿಯಷ್ಟೇ ಬೆಲೆ.

ಅವಸರದಲ್ಲಿ ಗೋಡೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಕಾಣಬಹುದು. ಅಲ್ಲಿ ಕೋಶಗಳು ತಿಂಗಳ ದಾರಿಯನ್ನು ವಾರದೊಳಗೇ ಮುಗಿಸುತ್ತವೆ. ನ್ಯೂಕ್ಲಿಯಸ್ ಕರಗಿಸಲೂ ಪುರುಸೊತ್ತು ಸಿಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೇಲಿನ ಪದರದಲ್ಲೂ ನ್ಯೂಕ್ಲಿಯಸ್ಸುಗಳು ಉಳಿದಿರುತ್ತವೆ. ಅಂಟುಬಿಡದ ಬೆಳ್ಳಗಿನ ಪೊರೆಯಾಗಿ ಕೋಶಗಳು ಒಂದರ ಮೇಲೊಂದು ಕೂರುತ್ತವೆ.

ಇನ್ನು ಹೊರಚರ್ಮದ ಉಳಿದ ಜೀವಕೋಶಗಳು. ತಳದ ಸಾಲಿನಲ್ಲಿ ಅಲ್ಲಲ್ಲಿ ಮೆಲನೋಸೈಟ್‌ಗಳಿವೆ. ಇವೇ ಚರ್ಮಕ್ಕೆ ಬಣ್ಣ ಕೊಡುವವು. ಒಂದೊಂದಕ್ಕೂ ಉದ್ದನೆಯ ಚಾಚುಗಳಿದ್ದು, ಸುತ್ತಲಿನ ಮೂವತ್ತು ನಲವತ್ತು ಕೆರಾಟಿನೋಸೈಟ್‌ಗಳಿಗೆ ಮೆಲನಿನ್ ತುಂಬಿದ ಸಣ್ಣ ಚೀಲಗಳನ್ನು ಹಂಚುತ್ತದೆ. ಈ ಚೀಲಗಳು ಕೋಶದೊಳಗೆ ಎಲ್ಲೆಂದರಲ್ಲಿ ಇರುವುದಿಲ್ಲ. ನ್ಯೂಕ್ಲಿಯಸ್ಸಿನ ಮೇಲ್ಗಡೆ, ಬಿಸಿಲು ಬರುವ ಕಡೆಗೆ ಗುಡ್ಡೆ ಕೂರುತ್ತವೆ. ಅಲ್ಲಿರುವ ಡಿಎನ್‌ಎಗೆ ಅತಿನೇರಳೆ ಕಿರಣ ತಾಗದಿರಲಿ ಎಂದು. ಕಪ್ಪು ಬಣ್ಣದವರಿಗೂ ಬಿಳಿ ಬಣ್ಣದವರಿಗೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಚೀಲಗಳ ಗಾತ್ರದಲ್ಲಿ, ಒಳಗಿನ ಬಣ್ಣದಲ್ಲಿ, ಅವು ಎಷ್ಟು ದಿನ ಒಡೆಯದೇ ಉಳಿಯುತ್ತವೆ ಎಂಬುದರಲ್ಲಿ. ತೊನ್ನಿನಲ್ಲಿ ರೋಗನಿರೋಧಕ ಕೋಶಗಳೇ ಮೆಲನೋಸೈಟ್‌ಗಳನ್ನು ಕೊಲ್ಲುತ್ತವೆ. ಅದು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಲ್ಯಾಂಗರ್‌ಹಾನ್ಸ್ ಕೋಶಗಳದ್ದು ಇನ್ನೊಂದು ಕಥೆ. 1868ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಚರ್ಮಕ್ಕೆ ಗೋಲ್ಡ್ ಕ್ಲೋರೈಡ್ ಬಳಿದು ನೋಡಿದ. ವಯಸ್ಸು ಇಪ್ಪತ್ತೊಂದು. ಕವಲು ಕವಲಾದ ಕಪ್ಪು ಕೋಶಗಳು ಕಂಡವು. ನರಕೋಶ ಇರಬೇಕು ಎಂದುಕೊಂಡ. ಮರುವರ್ಷವೇ ಮೇದೋಜೀರಕ ಗ್ರಂಥಿಯಲ್ಲಿ ಆತ ಗುರುತಿಸಿದ ಕೋಶಗಳ ಗುಂಪಿಗೂ ಇವತ್ತು ಅವನದೇ ಹೆಸರಿದೆ. ಇನ್ಸುಲಿನ್ ಬರುವುದು ಅಲ್ಲಿಂದ. ಚರ್ಮದಲ್ಲಿ ಕಂಡವು ನರಕೋಶವಲ್ಲ, ರೋಗನಿರೋಧಕ ಕಾವಲು ಕೋಶಗಳು ಎಂದು ಖಚಿತವಾಗಲು ನೂರು ವರ್ಷ ಬೇಕಾಯಿತು. ಹೊರಚರ್ಮದ ಕೋಶಗಳಲ್ಲಿ ನೂರಕ್ಕೆ ಮೂರೋ ನಾಲ್ಕೋ ಇವು. ಒಳಗೆ ನುಗ್ಗಿದ ಹೊಸ ವಸ್ತುವನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿ ಅಲ್ಲಿನ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಿಗೆ ತೋರಿಸುತ್ತವೆ. ಇವಲ್ಲದೆ ತಳದ ಸಾಲಿನಲ್ಲಿ ಮೆರ್ಕೆಲ್ ಕೋಶಗಳೂ ಇವೆ. ಬೆರಳ ತುದಿಯಲ್ಲಿ ಜಾಸ್ತಿ. ನವಿರಾದ ಸ್ಪರ್ಶ ತಿಳಿಯಲು ಅವು ಬೇಕು.

ಈಗ ಗಡಿ ದಾಟಿ ಒಳಚರ್ಮಕ್ಕೆ ಬರೋಣ. ಇಲ್ಲಿ ಕೋಶಗಳು ಕಡಿಮೆ, ಅವು ನೇಯ್ದ ಸಾಮಗ್ರಿ ಜಾಸ್ತಿ. ಮುಖ್ಯ ಕೋಶ ಫೈಬ್ರೋಬ್ಲಾಸ್ಟ್. ಅದು ಕೊಲಾಜೆನ್ ನಾರನ್ನೂ, ಎಳೆದು ಬಿಟ್ಟರೆ ವಾಪಸ್ ಬರುವ ಎಲಾಸ್ಟಿನ್ ಎಳೆಗಳನ್ನೂ, ನೀರು ಹಿಡಿಯುವ ಹಯಲುರೋನಿಕ್ ಆಮ್ಲವನ್ನೂ ತಯಾರಿಸುತ್ತದೆ. ಒಳಚರ್ಮದ ನೀರು ತೆಗೆದು ತೂಗಿದರೆ ಮುಕ್ಕಾಲು ಪಾಲು ಕೊಲಾಜೆನ್ನೇ. ಅದು ಬದಲಾಗುವುದು ವರ್ಷಗಟ್ಟಲೆ ಲೆಕ್ಕದಲ್ಲಿ. ಇದರ ನಾರುಗಳು ಮೈಯ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕಿಗೆ ವಾಲಿವೆ. 1861ರಲ್ಲಿ ಕಾರ್ಲ್ ಲ್ಯಾಂಗರ್ ಎಂಬ ಅಂಗರಚನಾ ತಜ್ಞ ಶವಗಳ ಚರ್ಮಕ್ಕೆ ದುಂಡನೆಯ ಮೊಳೆಯಿಂದ ಚುಚ್ಚಿ ನೋಡಿದ. ತೂತುಗಳು ದುಂಡಗೆ ಉಳಿಯಲಿಲ್ಲ, ಸೀಳಾಗಿ ಬಾಯಿಬಿಟ್ಟವು. ಆ ಸೀಳುಗಳನ್ನು ಸೇರಿಸಿ ಗೆರೆ ಎಳೆದಾಗ ಇಡೀ ಮೈಗೆ ಒಂದು ನಕ್ಷೆ ಸಿಕ್ಕಿತು. ಸರ್ಜನ್‌ಗಳು ಚರ್ಮ ಕೊಯ್ಯುವಾಗ ಇವತ್ತಿಗೂ ಇಂಥ ಗೆರೆಗಳನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ. ಗೆರೆಯ ಗುಂಟ ಕೊಯ್ದರೆ ಕಲೆ ಸಣ್ಣದಾಗಿ ಕೂರುತ್ತದೆ. ಅಡ್ಡ ಕೊಯ್ದರೆ ಚರ್ಮದ ಎಳೆತಕ್ಕೆ ಅಗಲವಾಗುತ್ತದೆ.

ಹಚ್ಚೆ ಹಾಕುವಾಗ ಸೂಜಿ ಇಳಿಯುವುದು ಸುಮಾರು 1ರಿಂದ 2 ಮಿಲಿಮೀಟರ್. ಅಂದರೆ ಹೊರಚರ್ಮ ದಾಟಿ ಒಳಚರ್ಮದೊಳಗೆ. ಹೊರಚರ್ಮದಲ್ಲಿ ಸಿಕ್ಕಿಕೊಂಡ ಬಣ್ಣ ಕೆಲವು ವಾರಗಳಲ್ಲಿ ಸಿಪ್ಪೆಯ ಜೊತೆ ಉದುರಿಹೋಗುತ್ತದೆ. ಒಳಚರ್ಮಕ್ಕೆ ಇಳಿದ ಬಣ್ಣವನ್ನು ಅಲ್ಲಿನ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಹೊರಗಿನಿಂದ ಬಂದದ್ದನ್ನು ನುಂಗಿ ಜೀರ್ಣಿಸುವುದು ಅವುಗಳ ಕೆಲಸ. ಆದರೆ ಹಚ್ಚೆಯ ಬಣ್ಣ ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವು ಅಲ್ಲೇ ಕೂರುತ್ತವೆ. ಹಾಗಾದರೆ ಆ ಮ್ಯಾಕ್ರೋಫೇಜ್ ಸತ್ತಾಗ? ಇದಕ್ಕೆ ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು 2018ರಲ್ಲಿ ಚೆಂದದ ಉತ್ತರ ಕೊಟ್ಟರು. ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಆಮೇಲೆ ಬಣ್ಣ ಹೊತ್ತ ಮ್ಯಾಕ್ರೋಫೇಜ್‌ಗಳನ್ನೆಲ್ಲ ಕೊಂದರು. ಹಚ್ಚೆ ಅಳಿಸಲಿಲ್ಲ. ಸತ್ತ ಕೋಶದಿಂದ ಬಿಡುಗಡೆಯಾದ ಬಣ್ಣವನ್ನು ಹೊಸದಾಗಿ ಬಂದ ಮ್ಯಾಕ್ರೋಫೇಜ್‌ಗಳು ಅದೇ ಜಾಗದಲ್ಲಿ ನುಂಗಿಕೊಂಡಿದ್ದವು. ಕೋಶಗಳು ಬದಲಾದವು, ಚಿತ್ರ ಬದಲಾಗಲಿಲ್ಲ. ನಿಮ್ಮ ಹಚ್ಚೆ ಇಷ್ಟು ವರ್ಷ ಉಳಿದದ್ದೂ ಬಹುಶಃ ಹೀಗೇ. ಲೇಸರ್ ಚಿಕಿತ್ಸೆ ಮಾಡುವುದು ಆ ಬಣ್ಣದ ಕಣಗಳನ್ನು ಪುಡಿ ಮಾಡುವ ಕೆಲಸ. ಪುಡಿಯ ಒಂದು ಭಾಗ ದುಗ್ಧನಾಳಗಳಲ್ಲಿ ಸಾಗಿಹೋಗುತ್ತದೆ, ಉಳಿದದ್ದನ್ನು ಮತ್ತೆ ಮ್ಯಾಕ್ರೋಫೇಜ್ ಹಿಡಿಯುತ್ತದೆ. ಅದಕ್ಕೇ ಹಲವು ಸಲ ಲೇಸರ್ ಮಾಡಿಸಬೇಕಾಗುತ್ತದೆ.

ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಗುರುತಿಗೂ ಇದೇ ಲೆಕ್ಕ ಹಿಡಿಯುತ್ತದೆ. ಮೆಲನಿನ್ ಹೊರಚರ್ಮದಲ್ಲೇ ಇದ್ದರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಉರಿಯೂತದಿಂದ ಗಡಿ ಹಾಳಾಗಿ ಮೆಲನಿನ್ ಕೆಳಗೆ ಬಿದ್ದರೆ ಮ್ಯಾಕ್ರೋಫೇಜ್ ನುಂಗುತ್ತದೆ. ಆಗ ವರ್ಷಗಟ್ಟಲೆ ಉಳಿಯಬಹುದು. ಗುರುತು ಹೋಗಲಿ ಎಂದು ಅದರ ಮೇಲೆ ತಿಕ್ಕಿದಷ್ಟೂ ಉರಿಯೂತ ಹೆಚ್ಚಿ ಇನ್ನಷ್ಟು ಕಪ್ಪಾಗುತ್ತದೆ. ಸ್ಕ್ರಬ್ ಬೇಡ ಎನ್ನಲು ಇದು ನನ್ನ ಎರಡನೇ ಕಾರಣ.

ನಿಮ್ಮ ಚಿಕ್ಕಂದಿನ ಗಾಯ ಒಳಚರ್ಮದ ಆಳಕ್ಕೆ ಹೋಗಿತ್ತು ಎಂದು ಕಾಣುತ್ತದೆ. ಅಲ್ಲಿ ಗಾಯವಾದಾಗ ಫೈಬ್ರೋಬ್ಲಾಸ್ಟ್‌ಗಳು ಓಡಿಬಂದು ಕೊಲಾಜೆನ್ ತುಂಬುತ್ತವೆ. ಮೊದಲಿದ್ದ ಹೆಣಿಗೆಯನ್ನು ಮತ್ತೆ ಹೆಣೆಯುವಷ್ಟು ವ್ಯವಧಾನ ಅವಕ್ಕಿಲ್ಲ. ಬೇಗ ಮುಚ್ಚಬೇಕು, ಅಷ್ಟೇ. ನಾರುಗಳನ್ನು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಜೋಡಿಸುತ್ತವೆ. ಅದಕ್ಕೇ ಕಲೆ ಹೊಳೆಯುತ್ತದೆ, ಗಟ್ಟಿ ಅನ್ನಿಸುತ್ತದೆ. ಕೂದಲಾಗಲಿ ಬೆವರು ಗ್ರಂಥಿಯಾಗಲಿ ಅಲ್ಲಿ ವಾಪಸ್ ಬರುವುದಿಲ್ಲ. ಬಲ ಕೂಡ ಮೊದಲಿನ ಚರ್ಮದ ನೂರಕ್ಕೆ ಎಂಬತ್ತರಷ್ಟನ್ನು ದಾಟುವುದಿಲ್ಲ.

ಕೂದಲಿನ ಬುಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹೊರಚರ್ಮವೇ ಒಳಚರ್ಮದೊಳಕ್ಕೆ ಇಳಿದು ಆದದ್ದು. ಅದರ ಗೋಡೆಯಲ್ಲಿ ಕಾಂಡಕೋಶಗಳ ಒಂದು ಗೂಡಿದೆ. ಚರ್ಮದ ಮೇಲ್ಭಾಗ ಪೂರ್ತಿ ಕಿತ್ತುಹೋದರೂ ಆ ಗೂಡು ಉಳಿದಿದ್ದರೆ ಅಲ್ಲಿಂದ ಕೋಶಗಳು ಮೇಲೆ ಹತ್ತಿ ಬಂದು ಗಾಯ ಮುಚ್ಚುತ್ತವೆ. ಬೆವರು ಗ್ರಂಥಿಗಳ ನಾಳದಿಂದಲೂ ಹೀಗೆ ಬರುತ್ತವೆ. ಸುಟ್ಟ ಗಾಯ ಎಷ್ಟು ಆಳ ಎಂದು ನಾವು ಅಷ್ಟು ಗಮನವಿಟ್ಟು ನೋಡುವುದು ಇದಕ್ಕೇ. ಇವು ಉಳಿದಿದ್ದರೆ ಚರ್ಮ ತಾನೇ ಬರುತ್ತದೆ. ಇವೂ ಸುಟ್ಟುಹೋಗಿದ್ದರೆ ಅಂಚಿನಿಂದ ಮಾತ್ರ ಬರಬೇಕು, ದೊಡ್ಡ ಗಾಯವಾದರೆ ಬೇರೆ ಕಡೆಯ ಚರ್ಮ ತಂದು ಹಾಕಬೇಕು.

ಕಾಂಡಕೋಶದ ಶಕ್ತಿ ಎಂಥದ್ದು ಎನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಕೆರಾಟಿನೋಸೈಟ್‌ಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ಹೆಚ್ಚಿಸುವುದನ್ನು ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ 1975ರಲ್ಲಿ ಮಾಡಿ ತೋರಿಸಿದ್ದರು. ನಲವತ್ತು ವರ್ಷದ ನಂತರ, 2015ರಲ್ಲಿ, ಜರ್ಮನಿಯ ಬೋಖುಮ್‌ನಲ್ಲಿ 7 ವರ್ಷದ ಒಬ್ಬ ಹುಡುಗ ಆಸ್ಪತ್ರೆಯಲ್ಲಿದ್ದ. ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿಸಿಡುವ ಲ್ಯಾಮಿನಿನ್ ಎಂಬ ಪ್ರೋಟೀನ್ ಅವನಿಗೆ ಹುಟ್ಟಿನಿಂದಲೇ ಸರಿಯಾಗಿರಲಿಲ್ಲ. ಸ್ವಲ್ಪ ಉಜ್ಜಿದರೂ ಚರ್ಮ ಕಳಚಿ ಬರುತ್ತಿತ್ತು. ಕೊನೆಗೆ ಮೈಯ ಬಹುಪಾಲು ಹೊರಚರ್ಮವೇ ಹೋಯಿತು. ಇಟಲಿಯ ಮಿಕೆಲೆ ಡಿ ಲೂಕಾ ಅವರ ತಂಡ ಉಳಿದ ಚೂರು ಚರ್ಮದಿಂದ ಕೋಶಗಳನ್ನು ತೆಗೆದು, ಸರಿಯಾದ ಜೀನ್ ಸೇರಿಸಿ, ಹಾಳೆಗಳಾಗಿ ಬೆಳೆಸಿತು. ಅವನ ಮೈಯ ಸುಮಾರು 80 ಪ್ರತಿಶತ ಭಾಗಕ್ಕೆ ಅದನ್ನೇ ಹೊದಿಸಿದರು. ಹುಡುಗ ಬದುಕಿದ, ಶಾಲೆಗೆ ವಾಪಸ್ ಹೋದ. 2017ರಲ್ಲಿ ಈ ವರದಿ ಪ್ರಕಟವಾದಾಗ ಇನ್ನೊಂದು ಸಂಗತಿಯೂ ಗೊತ್ತಾಯಿತು. ಹೊಸ ಹೊರಚರ್ಮವನ್ನು ತಿಂಗಳು ತಿಂಗಳೂ ಕಟ್ಟುತ್ತಿರುವುದು ಹಾಕಿದ ಕೋಶಗಳೆಲ್ಲವೂ ಅಲ್ಲ, ಅವುಗಳಲ್ಲಿದ್ದ ಕೆಲವೇ ದೀರ್ಘಾಯುಷಿ ಕಾಂಡಕೋಶಗಳು.

ಇನ್ನು ನೀವು ಮಾಡಬೇಕಾದ್ದು. ಸ್ಕ್ರಬ್ ಬಿಡಿ. ಪಿಎಚ್ ಕಡಿಮೆ ಇರುವ ಮೃದು ಕ್ಲೆನ್ಸರ್ ಬಳಸಿ, ಸ್ನಾನವಾದ ಕೂಡಲೇ ಮೈ ಇನ್ನೂ ತೇವ ಇರುವಾಗ ಮಾಯಿಶ್ಚರೈಸರ್ ಹಚ್ಚಿ. ಮುಖ ಒರಟಾಗಿದೆ, ಮಂಕಾಗಿದೆ ಅನ್ನಿಸಿದರೆ ತಿಕ್ಕುವ ಬದಲು ಯಾವ ಕ್ರೀಮ್ ಸರಿ ಎಂದು ಚರ್ಮವೈದ್ಯರನ್ನು ಕೇಳಿ. ಕೊಲಾಜೆನ್ ಕ್ರೀಮಿಗೆ ಹಣ ಹಾಕಬೇಡಿ. ಅದರ ಅಣು ಆ ಗೋಡೆ ದಾಟಿ ಒಳಚರ್ಮಕ್ಕೆ ಇಳಿಯಲಾರದಷ್ಟು ದೊಡ್ಡದು. ಇರುವ ಕೊಲಾಜೆನ್ ಉಳಿಸಿಕೊಳ್ಳಲು ಸನ್‌ಸ್ಕ್ರೀನ್ ಹಚ್ಚಿ. ಬಿಸಿಲಿನಲ್ಲಿರುವ ಯುವಿಎ ಎಂಬ ಅತಿನೇರಳೆ ಕಿರಣ ಒಳಚರ್ಮದ ತನಕ ಇಳಿದು ನಾರು ಕಡಿಯುತ್ತದೆ, ಮಾಮೂಲಿ ಕಿಟಕಿ ಗಾಜಿನಿಂದಲೂ ಸಾಕಷ್ಟು ಒಳಗೆ ಬರುತ್ತದೆ. ಹಳೆಯ ಕಲೆ ಪೂರ್ತಿ ಹೋಗುವುದಿಲ್ಲ, ಆದರೆ ಅದರಿಂದ ತೊಂದರೆಯೂ ಇಲ್ಲ. ಲೇಸರ್‌ನಿಂದ ಅದನ್ನು ಸ್ವಲ್ಪ ಮಟ್ಟಿಗೆ ಸಪಾಟು ಮಾಡಬಹುದು. ಕಲೆ ಗಾಯದ ಅಂಚನ್ನೂ ದಾಟಿ ಉಬ್ಬುತ್ತಿದ್ದರೆ, ತುರಿಸುತ್ತಿದ್ದರೆ ಅದು ಕೀಲಾಯ್ಡ್ ಇರಬಹುದು. ಕಲೆಯ ಮೇಲೆ ಮಾಯದ ಹುಣ್ಣು ಕಾಣಿಸಿಕೊಂಡರಂತೂ ತಡ ಮಾಡದೆ ವೈದ್ಯರಿಗೆ ತೋರಿಸಿ.